ಒಂದು ನೋಟಿಸ್ ತಲುಪಿಸುವ ಖರ್ಚು

ಬೆಂಗಳೂರಿನಿಂದ ಬಂದ ನಮೂನೆಯಲ್ಲಿ ಒಂದು ಕಾಲಂ ಮೊದಲೇ ತುಂಬಿತ್ತು. ‘ಹೆಚ್ಚುವರಿ ಸಿಬ್ಬಂದಿ ವೆಚ್ಚ’ ಎಂಬ ತಲೆಬರಹದ ಕೆಳಗೆ ‘ಇಲ್ಲ’ ಎಂದು ಟೈಪು ಮಾಡಿಯೇ ಕಳಿಸಿದ್ದರು. ಮಿಕ್ಕ ಕಾಲಂಗಳನ್ನು ನಾವು ತುಂಬಬೇಕಿತ್ತು. ಮನೆಯೊಳಗಿನ ಹಿಂಸೆಯಿಂದ ಹೆಂಗಸರನ್ನು ರಕ್ಷಿಸುವ ಹೊಸ ಕಾಯ್ದೆ ಜಾರಿಗೆ ಬಂದ ಮರುವರ್ಷ ಅದು. ಅದನ್ನು ನಮ್ಮ ಜಿಲ್ಲೆಯಲ್ಲಿ ನಡೆಸಲು ಮುಂದಿನ ಸಾಲಿಗೆ ಎಷ್ಟು ಹಣ ಬೇಕು ಎಂಬ ಅಂದಾಜು ಪಟ್ಟಿಯನ್ನು ಹಾಸನದ ಜಿಲ್ಲಾ ಕಚೇರಿಯಲ್ಲಿ ಲೆಕ್ಕಪತ್ರ ಅಧೀಕ್ಷಕಿಯಾಗಿದ್ದ ನಾನು ಸಿದ್ಧಮಾಡಬೇಕಿತ್ತು.

ಸಿಬ್ಬಂದಿ ವೆಚ್ಚ ಇಲ್ಲ ಎಂದು ಅವರು ಬರೆದದ್ದಕ್ಕೆ ಕಾರಣವಿತ್ತು. ಕಾಯ್ದೆಯ ಪ್ರಕಾರ ಹೆಂಗಸಿನ ದೂರು ಬರೆದುಕೊಂಡು ನ್ಯಾಯಾಲಯಕ್ಕೆ ಕೊಡುವವರು, ಗಂಡನಿಗೆ ನೋಟಿಸ್ ತಲುಪಿಸುವವರು, ಆದೇಶ ಜಾರಿ ಮಾಡಿಸುವವರು ರಕ್ಷಣಾಧಿಕಾರಿ. ಆ ಹುದ್ದೆಗೆ ಹೊಸಬರನ್ನು ನೇಮಿಸಲಿಲ್ಲ. ಪ್ರತಿ ತಾಲ್ಲೂಕಿನಲ್ಲೂ ಅಂಗನವಾಡಿಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗೇ ಅದನ್ನೂ ಹೊರಿಸಿದರು. ಸಂಬಳ ಅದೇ, ಕುರ್ಚಿ ಅದೇ, ಜೀಪೂ ಅದೇ. ಆ ಜೀಪು ವರ್ಷದಲ್ಲಿ ಅರ್ಧ ಕಾಲ ಗ್ಯಾರೇಜಿನಲ್ಲಿರುತ್ತದೆ ಎಂಬುದು ಯಾವ ಕಾಲಂಗೂ ಬರುವಂಥದ್ದಲ್ಲ.

ಇಂಥ ಪಟ್ಟಿ ಮಾಡುವುದರಲ್ಲಿ ನನಗೆ ಕೈ ಪಳಗಿತ್ತು. ಯಾವ ಬಾಬ್ತನ್ನು ಬೆಂಗಳೂರಿನಲ್ಲಿ ಹೊಡೆದುಹಾಕುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ನಾನು ಮೂಸಿ ನೋಡಿಯೇ ಹೇಳಬಲ್ಲೆ ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು. ಎಲ್ಲ ತಾಲ್ಲೂಕುಗಳಿಂದ ಬಂದ ಅರ್ಜಿಗಳ ಸಂಖ್ಯೆ ತರಿಸಿಕೊಂಡೆ. ಕಾಗದ, ಜೆರಾಕ್ಸು, ಆಸ್ಪತ್ರೆಯ ತಪಾಸಣೆ, ತಂಗಲು ಜಾಗವಿಲ್ಲದವರನ್ನು ಆಶ್ರಯ ಕೇಂದ್ರಕ್ಕೆ ಕಳಿಸುವ ಖರ್ಚು ಎಲ್ಲ ಹಾಕಿದೆ. ನೋಟಿಸ್ ತಲುಪಿಸುವುದಕ್ಕೆ ಒಂದು ಅರ್ಜಿಗೆ ಒಂದು ಪ್ರಯಾಣ ಎಂದಿಟ್ಟುಕೊಂಡು, ತಾಲ್ಲೂಕು ಕೇಂದ್ರದಿಂದ ಹೋಬಳಿಗೆ ಹೋಗಿಬರುವ ಬಸ್ ಚಾರ್ಜು ಲೆಕ್ಕ ಹಾಕಿದೆ. ಬಹಳ ಅಚ್ಚುಕಟ್ಟಾದ ಪಟ್ಟಿ. ನಮ್ಮ ಉಪನಿರ್ದೇಶಕರು ಓದದೆಯೇ ಸಹಿ ಹಾಕಿದರು. ನನ್ನ ಪಟ್ಟಿಗಳಿಗೆ ಅವರು ಕೊಡುತ್ತಿದ್ದ ಮರ್ಯಾದೆ ಅದು.

ಪಟ್ಟಿ ಟಪಾಲಿಗೆ ಹೋಗಬೇಕಾದ ದಿನ ಬೆಳಿಗ್ಗೆ ಹೊಳೆನರಸೀಪುರದ ರಕ್ಷಣಾಧಿಕಾರಿ ನನ್ನ ಮೇಜಿನ ಮುಂದೆ ಬಂದು ನಿಂತರು. ನನ್ನ ವಯಸ್ಸಿನವರೇ, ದೇವಸ್ಥಾನದ ಬೀದಿಯ ಮನೆತನ, ತಂದೆ ಮೇಷ್ಟರಾಗಿದ್ದವರು. ಸಾಮಾನ್ಯವಾಗಿ ದನಿ ಏರಿಸದ ಹೆಂಗಸು. ಆವತ್ತು ಕೈಯಲ್ಲಿದ್ದ ಪ್ರಯಾಣ ಭತ್ಯೆಯ ಬಿಲ್ಲನ್ನು ಮೇಜಿನ ಮೇಲೆ ಬಡಿದೇ ಇಟ್ಟರು.

“ನೋಡಿ ಮೇಡಂ, ಖಜಾನೆಯವರು ವಾಪಸ್ ಕಳಿಸಿದ್ದಾರೆ. ‘ಅಧಿಕಾರ ವ್ಯಾಪ್ತಿಯ ಹೊರಗೆ ಪ್ರವಾಸ, ಪೂರ್ವಾನುಮತಿ ಇಲ್ಲ’ ಅಂತೆ. ನಾನೇನು ಮಲ್ಲಿಪಟ್ಟಣಕ್ಕೆ ಮದುವೆ ಊಟಕ್ಕೆ ಹೋಗಿದ್ನಾ?”

“ಮಲ್ಲಿಪಟ್ಟಣ ಅರಕಲಗೂಡು ತಾಲ್ಲೂಕಲ್ವಾ? ನೀವ್ಯಾಕೆ ಹೋದ್ರಿ?”

“ಗಂಡ ಅಲ್ಲಿದಾನಲ್ಲ ಮೇಡಂ, ಅದಕ್ಕೆ.”

ಅವರು ಕೂತು ವಿಷಯ ಹೇಳಿದರು. ಹಳೇಕೋಟೆಯ ಹುಡುಗಿ. ಮದುವೆ ಮಾಡಿ ಕೊಟ್ಟಿದ್ದು ಮಲ್ಲಿಪಟ್ಟಣದ ಕಡೆಯ ಹಳ್ಳಿಗೆ. ಗಂಡ ಹೊಡೆಯುವುದು ಹೊಸದಲ್ಲ. ಈ ಸಲ ಸೌದೆಯಿಂದ ಹೊಡೆದು ಕೈ ಮುರಿದು, ಸಂಜೆ ಹೊತ್ತಿನಲ್ಲಿ ಮನೆಯಿಂದ ಹೊರಗೆ ಹಾಕಿದ್ದ. ಅವಳು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ತವರಿಗೆ ಬಂದಿದ್ದಳು. ಏಳು ವರ್ಷದ ಮಗಳು ಆ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿ ಆಡುತ್ತಿತ್ತು, ಅಲ್ಲೇ ಉಳಿಯಿತು. ಮಾರನೆಯ ದಿನ ಇವಳ ಅಮ್ಮ ಹೋಗಿ ಕೇಳಿದರೆ ಮಗುವನ್ನು ಕಳಿಸಲಿಲ್ಲ. ಕಾಯ್ದೆಯ ಪ್ರಕಾರ ಅವಳು ಈಗ ಇರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು, ಹೊಳೆನರಸೀಪುರದಲ್ಲಿ ಹಾಕಿದ್ದಳು. ಮಗುವನ್ನು ಸದ್ಯಕ್ಕೆ ತನ್ನ ಬಳಿ ಬಿಡಬೇಕೆಂದು ಕೇಳಿದ್ದಳು. ಆದರೆ ಗಂಡನಿಗೆ ನೋಟಿಸ್ ತಲುಪಿದ ಹೊರತು ನ್ಯಾಯಾಧೀಶರು ಮುಂದುವರಿಯಲು ಒಪ್ಪಲಿಲ್ಲ.

ಎರಡು ದಿನದೊಳಗೆ ನೋಟಿಸ್ ತಲುಪಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಇವರು ಅದನ್ನು ಅರಕಲಗೂಡಿನ ಕಚೇರಿಗೆ ಕಳಿಸಿದರು. ಅಲ್ಲಿ ಹುದ್ದೆ ಖಾಲಿ. ಪ್ರಭಾರ ಹೊತ್ತವರು ಬಂದಾಗ ನೋಡುವ ಕಾಗದಗಳ ಕಟ್ಟಿನಲ್ಲಿ ಅದು ಮಲಗಿತು. ಕೋರ್ಟಿನ ಒಂದು ವಾಯಿದೆ ಹೋಯಿತು. ಕೊನೆಗೆ ಇವರೇ ಬಸ್ಸು ಹತ್ತಿ ಹೋದರು. ಗಂಡ ಊರಲ್ಲಿಲ್ಲ ಎಂದು ಮನೆಯವರು ಹೇಳಿ ಕಳಿಸಿದರು. ಇನ್ನೊಂದು ವಾಯಿದೆಯೂ ಹೋಯಿತು. ಈಗ ಬಿಲ್ಲೂ ವಾಪಸ್.

“ಆ ಹುಡುಗಿಯ ತಾಯಿ ದಿನಾ ಬಂದು ನನ್ನ ಕಚೇರಿ ಮೆಟ್ಟಿಲ ಮೇಲೆ ಕೂರ್ತಾರೆ. ಏನೂ ಕೇಳಲ್ಲ. ಸುಮ್ನೆ ಕೂತು ಎದ್ದು ಹೋಗ್ತಾರೆ. ನನ್ನ ಕೈಯಿಂದ ದುಡ್ಡು ಹಾಕಿ ಇನ್ನೊಂದ್ಸಲ ಹೋಗ್ಬಹುದು. ಆದ್ರೆ ಎಲ್ಲಾ ಅರ್ಜಿಗೂ ಹಾಗೆ ಮಾಡಕ್ಕಾಗುತ್ತಾ?”

ನಾನು ಬಿಲ್ಲು ನೋಡಿದೆ. ನಿಯಮದ ಪ್ರಕಾರ ಖಜಾನೆಯವರ ಆಕ್ಷೇಪಣೆಯಲ್ಲಿ ತಪ್ಪಿರಲಿಲ್ಲ. ಆಮೇಲೆ ಪಕ್ಕದಲ್ಲೇ ಇದ್ದ ನನ್ನ ಅಚ್ಚುಕಟ್ಟಾದ ಪಟ್ಟಿ ನೋಡಿದೆ. ಅದರಲ್ಲಿ ಅರ್ಜಿದಾರಳೂ ಗಂಡನೂ ಒಂದೇ ತಾಲ್ಲೂಕಿನಲ್ಲಿದ್ದರು. ನಮೂನೆಯಲ್ಲಿ ತಾಲ್ಲೂಕಿಗೊಂದು ಸಾಲು ಇತ್ತು, ನಾನು ಆ ಸಾಲಿನೊಳಗೇ ಇಬ್ಬರನ್ನೂ ಕೂರಿಸಿದ್ದೆ.

ಅರ್ಜಿಗಳ ಕಟ್ಟನ್ನು ತರಿಸಿ ಮೇಜಿನ ಮೇಲೆ ಹರಡಿಕೊಂಡೆವು. ಒಂದು ಹಾಳೆಯಲ್ಲಿ ಹೆಂಗಸು ಈಗಿರುವ ಊರು, ಎದುರಿಗೆ ಗಂಡನ ಊರು ಬರೆಯುತ್ತ ಹೋದೆವು. ಚನ್ನರಾಯಪಟ್ಟಣದಲ್ಲಿ ಅರ್ಜಿ, ಗಂಡ ಹಾಸನದಲ್ಲಿ. ಅರಕಲಗೂಡಿನಲ್ಲಿ ಅರ್ಜಿ, ಗಂಡ ಹೊಳೆನರಸೀಪುರದಲ್ಲಿ. ಹಾಳೆ ಮುಗಿಯುವ ಹೊತ್ತಿಗೆ ಎರಡೂ ಕಡೆ ಒಂದೇ ತಾಲ್ಲೂಕು ಇದ್ದ ಸಾಲುಗಳನ್ನು ಹುಡುಕಿ ನೋಡಬೇಕಾಗಿತ್ತು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ, ಅದೇ ನನಗೆ ಉರಿ ತರಿಸಿದ್ದು. ನಮ್ಮ ಕಡೆ ಹೆಣ್ಣು ಕೊಡುವಾಗ ಹಿರಿಯರದೊಂದು ಲೆಕ್ಕವಿದೆ. ತೀರಾ ಪಕ್ಕದಲ್ಲಿ ಕೊಟ್ಟರೆ ಮಗಳು ಮಾತುಮಾತಿಗೂ ತವರಿಗೆ ಬರುತ್ತಾಳೆ. ತೀರಾ ದೂರ ಕೊಟ್ಟರೆ ಹಬ್ಬಕ್ಕೂ ಬರಲಾರಳು. ಹಾಗಾಗಿ ಪಕ್ಕದ ತಾಲ್ಲೂಕು. ಶಾಂತಿಗ್ರಾಮದಲ್ಲಿ ಹುಟ್ಟಿದ ನನ್ನನ್ನೇ ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು. ದಿನಾ ಅಲ್ಲಿಂದ ಹಾಸನಕ್ಕೆ ಬರುವ ಬಸ್ಸು ನನ್ನ ತವರಿನ ಮುಂದೆಯೇ ನಿಲ್ಲುತ್ತಿತ್ತು. ಹೊಡೆತ ತಿಂದ ಹೆಂಗಸು ಗಂಡನ ಮನೆಯಲ್ಲಿ ಕೂತು ಅರ್ಜಿ ಬರೆಯುವುದಿಲ್ಲ, ತವರಿಗೆ ಬಂದು ಬರೆಸುತ್ತಾಳೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಪಟ್ಟಿ ಮಾಡುವಾಗ ಮಾತ್ರ ತಲೆಗೆ ಹೊಳೆದಿರಲಿಲ್ಲ.

ಉಪನಿರ್ದೇಶಕರ ಕೋಣೆಗೆ ಹೋಗಿ ಸಹಿಯಾದ ಪಟ್ಟಿಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಒಳ್ಳೆಯ ಮನುಷ್ಯರು, ಆದರೆ ನಿವೃತ್ತಿ ಹತ್ತಿರವಿತ್ತು, ಆಕ್ಷೇಪಣೆ ಎಂಬ ಮಾತು ಕೇಳಿದರೆ ರಕ್ತದೊತ್ತಡದ ಮಾತ್ರೆ ಹುಡುಕುತ್ತಿದ್ದರು.

“ಏನಮ್ಮ, ಇವತ್ತು ಕಳಿಸ್ಬೇಕು ಅಂತ ಫೋನ್ ಮೇಲೆ ಫೋನ್ ಬರ್ತಿದೆ. ನೀವು ನೋಡಿದ್ರೆ ತಪ್ಪಾಗಿದೆ ಅಂತೀರಿ. ಪರ್ಸೆಂಟೇಜ್ ಹಾಕಿ ಒಂದಿಷ್ಟು ಸೇರಿಸಿಬಿಡಿ.”

“ಎಷ್ಟು ಸೇರಿಸ್ಲಿ ಸರ್? ಒಂದು ನೋಟಿಸ್ ತಲುಪಿಸೋಕೆ ಎಷ್ಟು ಖರ್ಚಾಗುತ್ತೆ ಅನ್ನೋದೇ ನಮಗೆ ಗೊತ್ತಿಲ್ಲ. ಪಕ್ಕದ ತಾಲ್ಲೂಕಿಗೆ ಹೋಗಬೇಕಾದ ಒಂದು ನೋಟಿಸ್ ಇಲ್ಲಿವರೆಗೂ ತಲುಪೇ ಇಲ್ಲ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಎರಡು ವಿಷಯ ಕೇಳಿದೆ. ಪಟ್ಟಿಗೆ ಒಂದು ವಾರದ ಕಾಲಾವಕಾಶ. ಇನ್ನೊಂದು, ರಕ್ಷಣಾಧಿಕಾರಿಗಳು ನೋಟಿಸ್ ಹಿಡಿದು ಜಿಲ್ಲೆಯೊಳಗೆ ಯಾವ ತಾಲ್ಲೂಕಿಗೆ ಬೇಕಾದರೂ ಹೋಗಬಹುದು, ಪ್ರತಿ ಸಲ ಅನುಮತಿ ಬೇಡ ಎಂದು ಒಂದು ಸಾಮಾನ್ಯ ಆದೇಶ. ಇಡೀ ಜಿಲ್ಲೆ ಉಪನಿರ್ದೇಶಕರ ವ್ಯಾಪ್ತಿ, ಹಾಗೆ ಆದೇಶ ಮಾಡಲು ಅವರಿಗೆ ಅಧಿಕಾರವಿತ್ತು. ತಾಲ್ಲೂಕಿನವರು ಕೇಳಿರಲಿಲ್ಲ, ಜಿಲ್ಲೆಯವರು ಕೊಟ್ಟಿರಲಿಲ್ಲ, ಅಷ್ಟೇ. ಹಳೇಕೋಟೆಯ ಹುಡುಗಿಯ ವಿಷಯವನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದರು.

“ಯಾರಾದ್ರೂ ಪ್ರಶ್ನೆ ಮಾಡಿದ್ರೆ ನೀವೇ ಉತ್ತರ ಕೊಡಬೇಕು, ಈಗ್ಲೇ ಹೇಳ್ಬಿಟ್ಟಿದೀನಿ.”

“ಕೊಡ್ತೀನಿ ಸರ್.”

ಆದೇಶವನ್ನು ಅಲ್ಲೇ ಕೂತು ಕೈಯಲ್ಲೇ ಬರೆದೆ. ಸಹಿ ಬಿತ್ತು. ಮುಂದಿನ ವಾಯಿದೆಗೆ ಇನ್ನು ಕೆಲವೇ ದಿನಗಳಿದ್ದವು. ಮಾರನೆಯ ದಿನ ರಕ್ಷಣಾಧಿಕಾರಿಯ ಜೊತೆ ನಾನೂ ಹೊರಟೆ. ಲೆಕ್ಕದವಳಿಗೆ ಅಲ್ಲಿ ಕೆಲಸವಿರಲಿಲ್ಲ, ಆದರೆ ಒಂದು ನೋಟಿಸಿನ ಹಿಂದೆ ಮೊದಲಿನಿಂದ ಕೊನೆಯವರೆಗೆ ಹೋಗಿಬರದೆ ಅಂದಾಜು ಹಾಕುವ ಧೈರ್ಯ ನನಗೆ ಉಳಿದಿರಲಿಲ್ಲ. ಬೆಳಿಗ್ಗೆ ಹೊಳೆನರಸೀಪುರದಲ್ಲಿ ಸೇರಿ, ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ಮಲ್ಲಿಪಟ್ಟಣದಲ್ಲಿಳಿದು ಅಲ್ಲಿಂದ ಹಳ್ಳಿಗೆ ಆಟೋ ಮಾಡಿಕೊಂಡೆವು. ಖಾಲಿ ಗಾಡಿ ವಾಪಸ್ ತರಲು ಆಟೋದವನು ಒಪ್ಪಲಿಲ್ಲ, ಎರಡು ಕಡೆಯ ಬಾಡಿಗೆ ಕೇಳಿದ.

ಮನೆಯಲ್ಲಿ ಹುಡುಗಿಯ ಮಾವ ಒಬ್ಬರೇ ಇದ್ದರು, ಅತ್ತೆ ತೀರಿಕೊಂಡು ವರ್ಷಗಳಾಗಿದ್ದವಂತೆ. ಊರಿನ ಯಜಮಾನಿಕೆ ಮಾಡುವ, ತೂಕವಾಗಿ ಮಾತಾಡುವ ಮನುಷ್ಯ. ಜಗಲಿಯ ಮೇಲೆ ಚಾಪೆ ಹಾಸಿದರು, ತಾವೇ ಕಾಫಿ ಮಾಡಿ ತಂದರು. ನಾವು ಬಂದ ಕೆಲಸ ಹೇಳಿದ ಮೇಲೂ ಮರ್ಯಾದೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

“ಮಗ ಇಲ್ಲ ಕಣವ್ವ, ಹಾಸನಕ್ಕೋಗವ್ನೆ. ಯಾವಾಗ ಬತ್ತಾನೋ ಏನೋ. ಗಂಡ ಎಂಡ್ತಿ ಅಂದ್ಮೇಲೆ ಒಂದ್ ಮಾತು ಬತ್ತದೆ, ಓಯ್ತದೆ. ಇದ್ಕೆಲ್ಲ ಕೋರ್ಟು ಕಚೇರಿ ಯಾಕೆ? ಹಬ್ಬ ಕಳೀಲಿ, ಎರಡೂ ಕಡೆಯೋರು ಕೂತ್ಕಂಡು ನ್ಯಾಯ ಮಾಡಾನ.”

“ಕೈ ಮುರಿದಿದೆ ಯಜಮಾನ್ರೇ,” ಎಂದರು ರಕ್ಷಣಾಧಿಕಾರಿ.

“ಕೂಡ್ಕತದೆ ಬುಡವ್ವ.”

ಈ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುತ್ತದೆ ಬಿಡಿ ಅನ್ನುವ ಹಾಗೆ ಹೇಳಿದರು. ನಾನು ಕಾಫಿ ಲೋಟ ಕೆಳಗಿಟ್ಟೆ. ಮಗು ಶಾಲೆಗೆ ಹೋಗಿದೆ ಎಂದರು. ಬಾಗಿಲ ಹಿಂದೆ ಅಡ್ಡಗೋಡೆಗೆ ಒರಗಿಸಿದ್ದ ಚಿಕ್ಕ ಚಪ್ಪಲಿ ಮಾತ್ರ ಕಾಣುತ್ತಿತ್ತು.

ಆಚೆ ಬಂದ ಮೇಲೆ ರಕ್ಷಣಾಧಿಕಾರಿ ಸೋತುಹೋದ ದನಿಯಲ್ಲಿ “ನಡೀರಿ ಮೇಡಂ, ಬಸ್ಸಿಗೆ ಹೊತ್ತಾಗುತ್ತೆ” ಎಂದರು. ಹೋದ ಸಲವೂ ಹೀಗೇ ಆಗಿತ್ತಂತೆ. ಅಂಗಳ ದಾಟುವಾಗ ಕೊಟ್ಟಿಗೆ ನನ್ನ ಕಣ್ಣಿಗೆ ಬಿತ್ತು. ಕರೆಯುವ ಹಸುಗಳು ಎರಡಿದ್ದವು. ಎಲುಬು ಬಿಟ್ಟುಕೊಂಡ ನಾಡ ಹಸುಗಳಲ್ಲ, ಡೇರಿಗೆ ಹಾಲು ಹಾಕುವ ಮನೆಯ ಮಿಶ್ರತಳಿ. ಮಾವನ ಕೈ ನಡುಗುತ್ತಿತ್ತು, ಕಾಫಿ ಲೋಟ ಕೊಡುವಾಗಲೇ ನೋಡಿದ್ದೆ. ಸೊಸೆ ಇಲ್ಲ. ಹಾಗಾದರೆ ಹೊತ್ತು ಹೊತ್ತಿಗೆ ಹಾಲು ಕರೆದು ಹಾಕುವವರು ಯಾರು?

ಶಾಂತಿಗ್ರಾಮದ ನಮ್ಮ ಮನೆಯಲ್ಲಿ ಯಾರು ಸತ್ತರೂ ಕೆಟ್ಟರೂ ಸಂಜೆ ಡೇರಿಗೆ ಹಾಲು ಹೋಗುತ್ತಿತ್ತು. ಒಂದು ಹೊತ್ತು ತಪ್ಪಿದರೆ ಹಸು ಕೆಡುತ್ತದೆ. ಹಾಲು ಹಾಕುವ ಮನುಷ್ಯ ಊರು ಬಿಟ್ಟು ಎಲ್ಲೂ ಹೋಗಲಾರ.

“ಬಸ್ಸು ಬೇಡ, ಇಲ್ಲೇ ಇರೋಣ,” ಎಂದೆ. “ಸಂಜೆ ಡೇರಿ ಹತ್ರ ಹೋಗೋಣ.”

“ಕೊನೆ ಬಸ್ಸು ತಪ್ಪುತ್ತೆ ಮೇಡಂ.”

“ತಪ್ಪಲಿ. ಅದೂ ಖರ್ಚಿಗೆ ಸೇರಲಿ.”

ಊರಿನ ಅಂಗನವಾಡಿಯ ಜಗಲಿಯಲ್ಲಿ ಹೊತ್ತು ಕಳೆದೆವು. ಸಂಜೆ ಹಾಲಿನ ಡೇರಿಯ ಮುಂದೆ ಕ್ಯಾನು, ಸ್ಟೀಲ್ ಬಿಂದಿಗೆ ಹಿಡಿದ ಜನ ಸಾಲುಗಟ್ಟಿದರು. ಪಾತ್ರೆಗಳ ಸದ್ದಿನ ಮಧ್ಯೆ ಡೇರಿಯ ಕಾರ್ಯದರ್ಶಿ ಒಬ್ಬೊಬ್ಬರ ಹೆಸರು ಕೂಗಿ ಹಾಲಿನ ಡಿಗ್ರಿ ನೋಡುತ್ತಿದ್ದ. ಗಂಡನ ಹೆಸರು ಕೂಗಿದಾಗ ಗಟ್ಟಿಮುಟ್ಟಾದ, ಇನ್ನೂ ಎಳೆಯ ಮುಖದ ಒಬ್ಬ ಮುಂದೆ ಬಂದ. ಕ್ಯಾನು ಇಳಿಸುವವರೆಗೆ ರಕ್ಷಣಾಧಿಕಾರಿ ಕಾದರು. ಆಮೇಲೆ ಅವನ ಪೂರ್ತಿ ಹೆಸರು ಹೇಳಿ, ಹೌದಾ ಎಂದು ಕೇಳಿ, ನೋಟಿಸ್ ಕೈಗೆ ಕೊಟ್ಟರು.

ಅವನು ಸುತ್ತ ನೋಡಿದ. ಸಾಲಿನಲ್ಲಿದ್ದವರೆಲ್ಲ ಅವನ ಕಡೆಯೇ ನೋಡುತ್ತಿದ್ದರು.

“ಏನ್ ಮೇಡಮ್ಮ, ಊರ್ ಮುಂದೆ ಮಾನ ಕಳೀತೀರಾ? ಮನೆತಕ್ಕೆ ಬಂದು ಕೊಡಾಕಾಗ್ತಿರ್ನಿಲ್ವಾ?”

“ಮನೆಗೆ ಎರಡು ಸಲ ಬಂದಿದ್ವಿ ಕಣಪ್ಪ. ನೀನು ಹಾಸನದಲ್ಲಿದ್ದೆ.”

ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವನು ಸಹಿ ಹಾಕಲು ಒಪ್ಪಲಿಲ್ಲ. “ಆಕಲ್ಲ, ಏನ್ ಮಾಡ್ಕತೀರೋ ಮಾಡ್ಕಳಿ” ಎಂದು ಕಾಗದವನ್ನು ಕ್ಯಾನಿನ ಮೇಲಿಟ್ಟ. ಇದಕ್ಕೂ ದಾರಿಯಿದೆ. ತಲುಪಿಸಿದ್ದನ್ನು ನೋಡಿದವರು ಸಹಿ ಹಾಕಿದರಾಯಿತು. ಸ್ವಲ್ಪ ಹೊತ್ತು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಡೇರಿಯ ಕಾರ್ಯದರ್ಶಿ ಪೆನ್ನು ಒರೆಸಿಕೊಂಡು “ಕೊಡಿ ಮೇಡಂ, ನಾನ್ ನೋಡಿದ್ದು ನಿಜ ತಾನೇ” ಎಂದು ಸಹಿ ಹಾಕಿದ. ಆಮೇಲೆ ಆ ಹೆಂಗಸೂ ಹೆಬ್ಬೆಟ್ಟು ಒತ್ತಿದಳು.

ಬಸ್ಸು ತಪ್ಪಿತು. ಅಂಗನವಾಡಿ ಕಾರ್ಯಕರ್ತೆಯ ಮನೆಯಲ್ಲಿ ಉಪ್ಪಿಟ್ಟು ತಿಂದು ಮಲಗಿ ಬೆಳಿಗ್ಗೆ ಹೊರಟೆವು. ಮನೆಯಿಂದ ಫೋನು ಮಾಡಿದ ನನ್ನ ಯಜಮಾನರು, “ಬಜೆಟ್ ಮಾಡೋಕೆ ಕೂಡ ಹಳ್ಳಿಯಲ್ಲಿ ಮಲಗ್ಬೇಕಾ?” ಎಂದು ಹಾಸ್ಯ ಮಾಡಿದರು. ಮಲಗಬೇಕಾಗಿತ್ತು ಎಂದೇ ಈಗಲೂ ನನ್ನ ಅಭಿಪ್ರಾಯ.

ಅಂದಾಜು ಪಟ್ಟಿಯನ್ನು ಮೊದಲಿನಿಂದ ಮಾಡಿದೆ. ತಾಲ್ಲೂಕಿನ ಸಾಲುಗಳನ್ನು ಬಿಟ್ಟು, ಹೆಂಗಸಿನ ತಾಲ್ಲೂಕಿನಿಂದ ಗಂಡನ ತಾಲ್ಲೂಕಿಗೆ ಎಂದು ಜೋಡಿ ಜೋಡಿಯಾಗಿ ಬರೆದೆ. ಒಂದು ನೋಟಿಸಿಗೆ ಒಂದೇ ಪ್ರಯಾಣ ಎಂಬುದನ್ನು ತೆಗೆದೆ. ಆಟೋ ಬಾಡಿಗೆ, ರಾತ್ರಿ ತಂಗುವ ಭತ್ಯೆ, ಆದೇಶ ಜಾರಿಗೆ ಮತ್ತೊಂದು ಪ್ರಯಾಣ, ಆಗ ಜೊತೆಗೆ ಬರುವ ಹೆಂಗಸಿನ ಟಿಕೆಟ್ ಎಲ್ಲ ಸೇರಿಸಿದೆ. ಮೊತ್ತ ನೋಡಿ ಉಪನಿರ್ದೇಶಕರು ಮಾತ್ರೆ ನುಂಗಿಯೇ ಸಹಿ ಮಾಡಿದರು. ಬೆಂಗಳೂರಿನಲ್ಲಿ ಕೆಂಪು ಪೆನ್ನು ಧಾರಾಳವಾಗಿ ಓಡಾಡಿತು. ಆಶ್ರಯ ಕೇಂದ್ರದ ಬಾಬ್ತು ಹೋಯಿತು, ಆಸ್ಪತ್ರೆ ತಪಾಸಣೆಯ ಬಾಬ್ತು ಹೋಯಿತು. ಪ್ರಯಾಣದ ಬಾಬ್ತು ಅರ್ಧಕ್ಕಿಳಿದು ಉಳಿಯಿತು. ‘ಇಲ್ಲ’ ಎಂಬ ಕಾಲಂ ಹಾಗೇ ಇತ್ತು. ಗೆದ್ದೆ ಎಂದು ಹೇಳಿಕೊಳ್ಳುವ ಹಾಗೇನೂ ಇರಲಿಲ್ಲ.

ಹಳೇಕೋಟೆಯ ಅರ್ಜಿ ಮಾತ್ರ ಮುಂದೆ ಹೋಯಿತು. ವಾಯಿದೆಯ ದಿನ ಗಂಡ ವಕೀಲರನ್ನಿಟ್ಟು ಹಾಜರಾದ. ಮುಂದಿನ ತೀರ್ಮಾನದವರೆಗೆ ಮಗು ತಾಯಿಯ ಬಳಿ ಇರಲಿ ಎಂದು ಆದೇಶವಾಯಿತು. ರಕ್ಷಣಾಧಿಕಾರಿ ತಾಯಿಯನ್ನು ಕರೆದುಕೊಂಡು ಮಲ್ಲಿಪಟ್ಟಣಕ್ಕೆ ಹೋದ ದಿನ ನಾನು ಹೊಳೆನರಸೀಪುರದ ಕಚೇರಿಯ ಲೆಕ್ಕ ತಪಾಸಣೆ ಇಟ್ಟುಕೊಂಡೆ. ಆ ದಿನವೇ ಯಾಕೆ ಎಂದು ಯಾರೂ ಕೇಳಲಿಲ್ಲ. ಮೆಟ್ಟಿಲ ಮೇಲೆ ಆ ಹುಡುಗಿಯ ಅಮ್ಮ ಕೂತಿದ್ದರು. ಸಂಜೆಯಾಗುತ್ತ ಬಂದಾಗ ನಾನು ಪುಸ್ತಕ ಮುಚ್ಚಿ ಅವರನ್ನೂ ಕರೆದುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ.

ಅರಕಲಗೂಡಿನ ಬಸ್ಸು ಬಂತು. ಮೊದಲು ರಕ್ಷಣಾಧಿಕಾರಿ ಇಳಿದರು. ಆಮೇಲೆ ಕೈಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ ಆ ಹುಡುಗಿ. ಒಂದು ಗಳಿಗೆ ಬಾಗಿಲಲ್ಲಿ ಯಾರೂ ಕಾಣಲಿಲ್ಲ, ನಾನು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟೆ. ನೋಡಿದರೆ, ಮೆಟ್ಟಿಲು ಎತ್ತರವಿದ್ದುದರಿಂದ ಮಗು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿತ್ತು, ಬೆನ್ನಿಗೆ ಶಾಲೆಯ ಚೀಲ.

ಅಜ್ಜಿಯನ್ನು ನೋಡಿದ ಕೂಡಲೇ ಅದು ಹೇಳಿದ್ದು, “ಅಜ್ಜಿ, ನನ್ ಸ್ಲೇಟು ಅಲ್ಲೇ ಉಳ್ಕತು.”

“ಓಗ್ಲಿ ಬುಡು ಮಗ, ಇನ್ನೊಂದ್ ತಕ್ಕಳಾನ,” ಎಂದರು ಅಜ್ಜಿ. ಅಷ್ಟು ದಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ ಹೆಂಗಸು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನನಗೂ ಅಳು ಬಂತು, ಅದನ್ನು ಮುಚ್ಚಿಡುವುದೇಕೆ.

ಮಾರನೆಯ ವಾರ ಆ ಪ್ರಯಾಣದ ಬಿಲ್ಲು ನನ್ನ ಮೇಜಿಗೆ ಬಂತು. ಹೋಗುವಾಗ ಎರಡು ಟಿಕೆಟ್. ಬರುವಾಗ ಎರಡು ಮತ್ತು ಒಂದು ಅರ್ಧ ಟಿಕೆಟ್. ಅದನ್ನು ನಾನು ಕೊಟ್ಟಿದ್ದ ಅಂದಾಜಿನ ಪಕ್ಕ ಇಟ್ಟು ನೋಡಿದೆ. ಎರಡನೆಯ ಸಲ ಅಷ್ಟು ಎಚ್ಚರವಹಿಸಿ ಮಾಡಿದ ಪಟ್ಟಿಯಲ್ಲೂ ಹೋಗುವ ಖರ್ಚು, ಬರುವ ಖರ್ಚು ಒಂದೇ ಇತ್ತು.

ಮುಂದಿನ ವರ್ಷದ ಪಟ್ಟಿಯಲ್ಲಿ ಆದೇಶ ಜಾರಿಯ ಪ್ರಯಾಣಕ್ಕೆ ಎರಡು ಸಾಲು ಮಾಡಿದೆ, ಹೋಗುವುದಕ್ಕೊಂದು, ಬರುವುದಕ್ಕೊಂದು. ಬರುವ ಸಾಲಿನ ಮೊತ್ತ ತುಸು ಹೆಚ್ಚು. ಪಟ್ಟಿ ಹೋದ ಕೆಲವು ದಿನಗಳಲ್ಲಿ ಬೆಂಗಳೂರಿನಿಂದ ಫೋನು ಬಂತು. ಉಪನಿರ್ದೇಶಕರು ಒಂದು ಮಾತು ಕೇಳಿಸಿಕೊಂಡು ರಿಸೀವರನ್ನು ನನ್ನ ಕಡೆ ಚಾಚಿದರು. “ತಗೊಳಿ, ನೀವೇ ಉತ್ತರ ಕೊಡ್ತೀನಿ ಅಂದಿದ್ರಲ್ಲ.”

ಆ ಕಡೆಯ ಅಧಿಕಾರಿ ಒರಟಾಗೇನೂ ಮಾತಾಡಲಿಲ್ಲ. “ಮೇಡಂ, ಅದೇ ದಾರಿ, ಅದೇ ಬಸ್ಸು. ಹೋಗೋದಕ್ಕಿಂತ ಬರೋ ಚಾರ್ಜು ಜಾಸ್ತಿ ಹಾಕಿದೀರಿ. ಟೈಪಿಂಗ್ ತಪ್ಪಾ?”

“ತಪ್ಪಲ್ಲ ಸರ್,” ಎಂದೆ. “ಹೋಗುವಾಗ ಆದೇಶ ತಗೊಂಡು ಹೋಗ್ತೀವಿ. ಬರುವಾಗ ಮಗು ಕರ್ಕೊಂಡು ಬರ್ತೀವಿ.”

ಅವರು ಆ ಸಾಲಿನ ಮೊತ್ತವನ್ನು ಇನ್ನೊಮ್ಮೆ ಓದಿಕೊಂಡರು. ಆಮೇಲೆ “ಆಯ್ತು, ಇರಲಿ” ಎಂದು ಫೋನು ಇಟ್ಟರು. ಆ ಸಾಲನ್ನು ಯಾರೂ ಹೊಡೆದುಹಾಕಲಿಲ್ಲ.